ನೀಲಿ ಹರವಿಯೂ ಸುಲ್ತಾನನ ಹಡಗೂ

ನಮ್ಮ ಮನೆಯಲ್ಲಿ ಸುಳ್ಳು ಹೇಳುವುದು ಕಸುಬಿನ ಒಂದು ಭಾಗವಾಗಿತ್ತು. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಇಳಕಲ್ಲಿನ ನೇಕಾರರ ಓಣಿ ಮುಗಿದು ಹಳ್ಳದ ದಾರಿ ಶುರುವಾಗುವ ಕಡೆ ನಮ್ಮ ಮಣ್ಣಿನ ಮಾಳಿಗೆಯ ಮನೆ. ಸೀರೆಯ ನೂಲಿಗೆ ನೀಲಿ ಹಾಕುವುದು ನಮ್ಮ ಕೆಲಸ. ಬಾಗಿಲು ದಾಟಿದರೆ ಪಡಸಾಲೆ, ಅದರ ನೆಲದಲ್ಲಿ ಕುತ್ತಿಗೆಯವರೆಗೆ ಹುಗಿದ ಆರು ದೊಡ್ಡ ಹರವಿಗಳು, ಬಣ್ಣ ಕಲಸುವ ಮಣ್ಣಿನ ಗಡಿಗೆಗಳು. ಹರವಿಗಳು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಉಣ್ಣಬೇಕು, ಮಲಗಬೇಕು, ಹೆರಬೇಕು, ಸಾಯಬೇಕು. ನೀಲಿಯ ಗಡ್ಡೆ, ಸುಣ್ಣ, ಚೌಳುಮಣ್ಣು, ಬೇಯಿಸಿದ ತಗಚಿ ಬೀಜ, ಇವೆಲ್ಲ ನೀರಿನಲ್ಲಿ ವಾರಗಟ್ಟಲೆ ಹುಳಿತು ಎದ್ದಾಗ ಮಾತ್ರ ನೂಲಿಗೆ ಬಣ್ಣ ಹತ್ತುತ್ತದೆ. ಆ ಹುಳಿತ ವಾಸನೆಗೆ ಹೊಸಬರು ಬಾಗಿಲಲ್ಲೇ ಮೂಗಿಗೆ ಸೆರಗು ಹಚ್ಚುತ್ತಿದ್ದರು. ನಮಗೆ ಅದು ರೊಟ್ಟಿಯ ವಾಸನೆ, ಹಾಸಿಗೆಯ ವಾಸನೆ, ಅಮ್ಮನ ಕೂದಲಿನ ವಾಸನೆ. ಬದಾಮಿಗೆ ಮದುವೆಯಾಗಿ ಹೋದ ಮೇಲೆ ನನ್ನ ಅತ್ತೆ ಮೂರು ಸಲ ಸೀಗೆಕಾಯಿ ಹಚ್ಚಿ ನನ್ನ ತಲೆ ತೊಳೆಸಿದಳು, ಹೋಗಲಿಲ್ಲ. ನನಗೇನೂ ಬೇಜಾರಾಗಲಿಲ್ಲ, ಅವಳಿಗೆ ಆಯಿತು.

ಹರವಿ ಅಂದರೆ ನಮ್ಮಲ್ಲಿ ಜೀವ ಇರುವ ಪ್ರಾಣಿ. ಹರವಿ ಉಂಡಿತು ಎನ್ನುತ್ತಿದ್ದರು, ಹರವಿ ಮಲಗಿತು, ಹರವಿ ಮುನಿಸಿಕೊಂಡಿತು ಎನ್ನುತ್ತಿದ್ದರು. ಅದರ ಹತ್ತಿರ ಜಗಳ ಮಾಡಬಾರದು, ಅಳಬಾರದು, ಮುಟ್ಟಾದವರು ಆ ಕಡೆ ಸುಳಿಯಬಾರದು. ನನ್ನ ತಂದೆಯ ತಂದೆ, ನಮ್ಮ ದಾದಾ, ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು ಪ್ರತಿ ಹರವಿಗೂ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ರುಚಿ ನೋಡಿಯೇ ಯಾವುದಕ್ಕೆ ಸುಣ್ಣ ಬೇಕು, ಯಾವುದಕ್ಕೆ ಬೀಜ ಬೇಕು ಎಂದು ಹೇಳುತ್ತಿದ್ದ. ಆರೋಗ್ಯವಾಗಿದ್ದ ಹರವಿಯ ಮೇಲೆ ತಾಮ್ರದ ಬಣ್ಣದ ನೊರೆ ಏಳುತ್ತದೆ, ಅದಕ್ಕೆ ಹೂವು ಎನ್ನುತ್ತೇವೆ. ಹೂವು ಏಳದಿದ್ದರೆ ಹರವಿ ಕೆಟ್ಟಿತು ಎಂದರ್ಥ. ಸುಣ್ಣ ಹಾಕಿಯೂ ಬೀಜ ಹಾಕಿಯೂ ಏಳದಿದ್ದರೆ ಉಳಿದದ್ದು ಒಂದೇ ಮದ್ದು. ಮನೆಯವರಲ್ಲಿ ಒಬ್ಬರು ಸಂತೆಗೆ ಹೋಗಿ, ಮುಖದ ಮೇಲೆ ನಗುವಿಲ್ಲದೆ, ಒಂದು ದೊಡ್ಡ ಸುಳ್ಳು ಹೇಳಿ ಬರಬೇಕು. ಆ ಸುಳ್ಳು ಬಾಯಿಂದ ಬಾಯಿಗೆ ಹೋಗಿ, ಯಾರೋ ಒಬ್ಬರು ಅದನ್ನೇ ಸುದ್ದಿ ಅಂತ ನಮ್ಮ ಬಾಗಿಲಿಗೆ ತಂದು ನಮಗೇ ಹೇಳಬೇಕು. ಆಗ ಹರವಿ ಏಳುತ್ತದೆ. ಮತ್ತೆ ಆ ನೂಲು ಹರವಿಯಿಂದ ಮೇಲೆ ಬರುವವರೆಗೆ ಅದು ಸುಳ್ಳು ಅಂತ ಮನೆಯವರು ಬಾಯಿ ಬಿಡಬಾರದು.

ದಾದಾ ಈ ಕೆಲಸದಲ್ಲಿ ಉಸ್ತಾದ. ಮರೋಳದ ಹತ್ತಿರ ಹೊಳೆಯಲ್ಲಿ ಸಿಕ್ಕ ಮೊಸಳೆಯ ಹೊಟ್ಟೆ ಸೀಳಿದರೆ ಒಳಗೆ ಒಬ್ಬ ಮುದುಕಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು ಎಂದು ಒಮ್ಮೆ ಹೇಳಿದ್ದ. ಅದು ಆರನೇ ದಿನಕ್ಕೆ ಕೆರೂರಿನ ಒಬ್ಬ ಬಳೆಗಾರನ ಬಾಯಲ್ಲಿ ಮನೆಗೆ ಬಂತು. ಮುದುಕಿಗೆ ಅಷ್ಟರಲ್ಲಿ ಬಂಗಾರದ ಮೂಗುತಿಯೂ ಬಂದಿತ್ತು. ನಾವು ಮಕ್ಕಳು ಬಾಯಿಗೆ ಬಟ್ಟೆ ತುರುಕಿಕೊಂಡು ಒಳಗೆ ಓಡಿದೆವು, ದಾದಾ ಮಾತ್ರ ಗಲ್ಲಕ್ಕೆ ಕೈ ಹಚ್ಚಿ "ಹೌದೇನು?" ಎಂದು ಕೇಳಿದ. ಮರುದಿನ ಹರವಿ ಹೂವು ಬಿಟ್ಟಿತು. ನನಗೆ ಕಥೆ ಕಟ್ಟುವ ಬುದ್ಧಿ ಬಂದದ್ದು ಆ ಮನೆಯಿಂದ. ಎಂಟು ವರ್ಷಕ್ಕೆ ದಾದಾನ ಪಕ್ಕದಲ್ಲಿ ಕೂತು ನಾನು ಸುಳ್ಳು ಹೊಸೆಯುತ್ತಿದ್ದೆ, ಅವನು ಅದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಿದ್ದ. ನಮ್ಮ ಹಲೀಮಾಳದು ನನ್ನದೇ ತಲೆ ಎಂದು ನನ್ನ ಹೆಸರು ಹಿಡಿದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಪಡಸಾಲೆಯ ಗೋಡೆಗೆ ಇಸ್ತಂಬೂಲಿನ ಮಸೀದಿಯ ಒಂದು ಚಿತ್ರ, ಅದರ ಪಕ್ಕದಲ್ಲಿ ತುರ್ಕಿ ಮುದ್ರೆ ಒತ್ತಿದ ಒಂದು ಕಾಗದ. ಆ ಕಾಗದದಲ್ಲಿ ಏನು ಬರೆದಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ಶುಕ್ರವಾರ ಶುಕ್ರವಾರ ಅದಕ್ಕೆ ಮುತ್ತು ಕೊಡುತ್ತಿದ್ದೆವು. ತುರ್ಕರ ಸುಲ್ತಾನ ಎಲ್ಲ ಮುಸಲ್ಮಾನರ ಖಲೀಫ, ಅವನು ಮದೀನಾಕ್ಕೆ ರೈಲು ಹಾಕಿಸುತ್ತಿದ್ದಾನೆ, ಫರಂಗಿಯವರ ಒಂದು ಕಾಸೂ ಮುಟ್ಟದೆ ನಮ್ಮವರ ದಾನದಿಂದಲೇ ಹಾಕಿಸುತ್ತಿದ್ದಾನೆ ಎಂದು ಮುಂಬಯಿಯಿಂದ ಬಂದವರು ಹೇಳಿದಾಗ ದಾದಾ ಅಮ್ಮನ ಬೆಳ್ಳಿಯ ಕಾಲ್ಗಡಗ ಬಿಚ್ಚಿಸಿ ಕಳಿಸಿದ್ದ. ಅಮ್ಮ ತವರಿನಿಂದ ತಂದದ್ದು ಅದೊಂದೇ. ಕೇಳಿದ್ದರೆ ಕೊಡುತ್ತಿದ್ದಳೋ ಏನೋ, ಕೇಳಲಿಲ್ಲ. ಆ ಕಾಗದ ಅದರ ಪಾವತಿ. ಮುಂದೆ ಎಷ್ಟೋ ವರ್ಷ, ಒಲೆಯ ಮುಂದೆ ಕಾಲು ಚಾಚಿ ಕೂತಾಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು.

"ಮದೀನಾದ ರೈಲಿನ್ಯಾಗ ಎರಡು ಮೊಳಿ ನನ್ನವ ಅದಾವ. ಸತ್ತ ಮ್ಯಾಲೆ ಹೋಗಿ ಕಿತ್ತುಕೊಂಡು ಬರತೇನಿ."

ನನ್ನ ತಂದೆ ಅಬ್ಬಾ ಬೇರೆ ಮಣ್ಣಿನವನು. ಮಾತು ಕಡಿಮೆ. ಉರ್ದು ಓದಲು ಬರುತ್ತಿತ್ತು, ಬಣ್ಣದ ಡಬ್ಬಿಗಳ ಮೇಲಿನ ಚೀಟಿ ನೋಡಿ ನೋಡಿ ಇಂಗ್ಲಿಷಿನ ಅಕ್ಷರವನ್ನೂ ಕೂಡಿಸಿ ಓದುತ್ತಿದ್ದ. ದಾದಾ ತಲೆಯ ಮೇಲೆ ಕೆಂಪು ತುರ್ಕಿ ಟೋಪಿ ಹಾಕುತ್ತಿದ್ದ, ಹಜ್‌ಗೆ ಹೋದ ಒಬ್ಬರಿಂದ ತರಿಸಿದ್ದು, ಅದನ್ನು ಹಾಕಿಕೊಂಡು ಬಜಾರಿನಲ್ಲಿ ನಡೆದರೆ ತಾನೇ ಸುಲ್ತಾನನ ದಿವಾನ ಅನ್ನುವ ಗತ್ತು. ಒಂದು ದಿನ ಅಬ್ಬಾ ಆ ಟೋಪಿಯ ಒಳಗಿನ ಚೀಟಿಯನ್ನು ಅಕ್ಷರ ಕೂಡಿಸಿ ಓದಿ ನಕ್ಕುಬಿಟ್ಟ. ಟೋಪಿ ತುರ್ಕರ ದೇಶದ್ದಲ್ಲ, ಆಸ್ಟ್ರಿಯಾ ಎಂಬ ಫರಂಗಿ ದೇಶದ ಕಾರಖಾನೆಯದು. ದಾದಾ ಕತ್ತರಿ ತೆಗೆದುಕೊಂಡು ಚೀಟಿ ಕತ್ತರಿಸಿ ಒಲೆಗೆ ಹಾಕಿ, ಟೋಪಿ ತಲೆಗೆ ಹಾಕಿಕೊಂಡು ಹೊರಗೆ ಹೋದ. ಅವನ ಸ್ವಭಾವವೇ ಹಾಗೆ. ಒಪ್ಪದ ಮಾತನ್ನು ಕತ್ತರಿಸಿ ಹಾಕುವುದು.

ಅವರಿಬ್ಬರ ಜಗಳ ಜರ್ಮನ್ ಪುಡಿಯದು. ಬಾಗಲಕೋಟೆಯ ಅಂಗಡಿಗಳಿಗೆ ಆ ಪುಡಿಯ ಡಬ್ಬಿಗಳು ಬಂದು ಆಗಲೇ ಕೆಲವು ವರ್ಷ ಆಗಿತ್ತು. ಹರವಿ ಹದಿನೈದು ದಿನ ಗೋಳಾಡಿಸಿ ಕೊಡುವ ಬಣ್ಣವನ್ನು ಅದು ಒಂದು ಬೆಳಗಿನಲ್ಲಿ ಕೊಡುತ್ತಿತ್ತು. ಊರಿನ ಬೇರೆ ಬಣ್ಣದವರು ಒಬ್ಬೊಬ್ಬರಾಗಿ ಹರವಿ ಮುಚ್ಚಿದರು. ಅಬ್ಬಾ ಹಿತ್ತಲಲ್ಲಿ ತಾಮ್ರದ ಹಂಡೆ ಇಟ್ಟು ಪುಡಿಯ ಬಣ್ಣ ಶುರುಮಾಡಿದ. ಮನೆ ಎರಡಾಯಿತು. ಮುಂದೆ ದಾದಾನ ಆರು ಹರವಿ, ಹಿಂದೆ ಅಬ್ಬಾನ ಹಂಡೆ, ನಡುವೆ ಒಲೆಯ ಮುಂದೆ ಅಮ್ಮ. ಇಬ್ಬರೂ ಒಂದೇ ತಾಟಿಗೆ ಕೈ ಹಾಕಿ ಉಣ್ಣುತ್ತಿದ್ದರು, ಉಣ್ಣುವ ಹೊತ್ತಿಗೇ ಜಗಳ. ವಾರಕ್ಕೊಮ್ಮೆ ಮುಂಬಯಿಯ ಉರ್ದು ಪತ್ರಿಕೆ ಬಂದ ದಿನವಂತೂ ಕೇಳುವುದೇ ಬೇಡ. ಅಬ್ಬಾ ಓದಬೇಕು, ದಾದಾ ಕೇಳಬೇಕು. ಚೀನಾದ ಬಾದಶಾಹಿ ಮುರಿದು ಬಿತ್ತು, ಇರಾನದ ಶಾಹ ಫರಂಗಿಯವರ ಸಾಲದಲ್ಲಿ ಮುಳುಗಿದ, ತುರ್ಕರ ಕೈಯಿಂದ ಇನ್ನೊಂದು ಸೀಮೆ ಹೋಯಿತು. ಅಬ್ಬಾ ಹವಾಮಾನ ಹೇಳಿದ ಹಾಗೆ ಓದಿಕೊಂಡು ಹೋಗುತ್ತಿದ್ದ. ದಾದಾನ ಕೈಯಲ್ಲಿದ್ದ ರೊಟ್ಟಿಯ ತುಂಡು ಅಲ್ಲೇ ನಿಲ್ಲುತ್ತಿತ್ತು.

"ಯಾಕ ಹಿಂಗಾತು ಗೊತ್ತೈತೇನು?" ಎಂದು ದಾದಾ ಕೇಳುತ್ತಿದ್ದ. "ಎಲ್ಲಾರೂ ಫರಂಗಿಯವರ ಸಾಮಾನಿಗೆ ಬಾಯಿ ಬಿಟ್ಟರು. ತಮ್ಮದು ತಾವು ಹಿಡಕೊಂಡು ಕುಂತಿದ್ದರ ಯಾವನ ಕಡಿಂದ ಏನಾಗತಿತ್ತು?"

"ತಮ್ಮದು ತಾವು ಹಿಡಕೊಂಡು ಕುಂತದ್ದಕ್ಕ ಹೋದರು ಬಾಬಾ," ಎಂದು ಅಬ್ಬಾ. "ಜಪಾನದವರು ನೋಡು. ಫರಂಗಿಯವರ ತೋಪು ಫರಂಗಿಯವರ ಕಡಿಂದನ ಕಲತು ರಶಿಯಾಕ್ಕ ಹೊಡದರು. ನಿನ್ನ ಸುಲ್ತಾನ ಸುದ್ದಾ ಜರ್ಮನಿ ತೋಪು ತರಿಸ್ಯಾನ, ಜರ್ಮನಿ ಸಾಹೇಬರನ್ನ ಇಟ್ಟುಕೊಂಡು ರೈಲು ಹಾಕಿಸ್ಯಾನ. ಖಲೀಫ ತೋಪು ತರಿಸಬಹುದು, ನಾ ಒಂದು ಡಬ್ಬಿ ಬಣ್ಣ ತರಬಾರದು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಅಂವ ಸುಲ್ತಾನ, ನೀ ಬಣ್ಣದಾಂವ. ಉಣ್ಣು ಸುಮ್ಮನ."

ಈಗ ಯೋಚಿಸಿದರೆ ಅಬ್ಬಾನ ಪ್ರಶ್ನೆಗೆ ದಾದಾನ ಹತ್ತಿರ ಉತ್ತರ ಇರಲಿಲ್ಲ ಎಂದು ತಿಳಿಯುತ್ತದೆ. ದೊಡ್ಡ ದೊಡ್ಡ ಬಾದಶಾಹರ ಹತ್ತಿರವೇ ಇರಲಿಲ್ಲ, ಇಳಕಲ್ಲಿನ ಮುದುಕನ ಹತ್ತಿರ ಎಲ್ಲಿಂದ ಬರಬೇಕು. ಆದರೆ ಉತ್ತರ ಇಲ್ಲದವನು ಸುಮ್ಮನಿರಬೇಕು. ನಮ್ಮ ದಾದಾ ಸುಮ್ಮನಿರುವ ಪೈಕಿ ಅಲ್ಲ.

ಆಮೇಲೆ ಜರ್ಮನಿಯ ಯುದ್ಧ ಬಂತು. ಕೆಲವೇ ತಿಂಗಳಿಗೆ ಪುಡಿಯ ಡಬ್ಬಿಗಳು ಬಜಾರಿನಿಂದ ಮಾಯವಾದವು. ತುರ್ಕರ ಸುಲ್ತಾನ ಜರ್ಮನಿಯ ಕಡೆ ಸೇರಿದ, ಅಂದರೆ ನಮ್ಮ ಸರಕಾರಕ್ಕೆ ವೈರಿಯಾದ. ಉರ್ದು ಪತ್ರಿಕೆಯೂ ನಿಂತುಹೋಯಿತು, ಸರಕಾರ ಬಂದ್ ಮಾಡಿಸಿತು ಎಂದರು. ಅಬ್ಬಾನ ಹಂಡೆ ಬೋರಲು ಬಿತ್ತು. ದಾದಾನ ಸಂತೋಷ ನೋಡಬೇಕಿತ್ತು. ಮಗನ ಕೆಲಸ ಹೋಯಿತು ಎಂದು ಯಾವ ತಂದೆಯೂ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ. ಊರಲ್ಲಿ ಹರವಿ ಉಳಿಸಿಕೊಂಡಿದ್ದು ನಾವೊಬ್ಬರೇ, ನೇಕಾರರೆಲ್ಲ ನಮ್ಮ ಬಾಗಿಲಿಗೇ ಬರಬೇಕು. ಮೊದಲು ಬಂದವನು ಸಂಗಪ್ಪ ಕಾಕಾ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ನೂಲಿನ ಹೊರೆ. ದಾದಾನನ್ನು ಚಿಕ್ಕಂದಿನಿಂದ ಮಾಮಾ ಎಂದು ಕರೆದು ಬೆಳೆದವನು. ಮದುವೆಯ ಸುಗ್ಗಿ ಹತ್ತಿರ ಬಂದಿತ್ತು. ಇಡೀ ಓಣಿಯ ನೂಲನ್ನು ಅವನೇ ಮಾತು ಕೊಟ್ಟು ತಂದಿದ್ದ.

"ಮಾಮಾರ, ಹದಿನೈದು ದಿನದಾಗ ನೀಲಿ ಆಗಬೇಕ್ರಿ. ಆಗಲಿಲ್ಲಂದ್ರ ಮಗ್ಗ ನಿಲ್ಲತಾವ, ಓಣಿಗೆ ಓಣಿನ ಉಪವಾಸ ಬೀಳತೈತಿ. ನಿಮ್ಮ ಕಡಿಂದ ಆಗದಿದ್ದರ ಈಗ ಅಂದುಬಿಡ್ರಿ, ನಾ ಗುಳೇದಗುಡ್ಡಕ್ಕ ಹೋಗತೇನಿ."

"ಹರವಿ ಇರೂದು ಯಾತಕ್ಕ?" ಎಂದ ದಾದಾ.

ಹರವಿ ಇದ್ದವು ನಿಜ. ಆದರೆ ಅಷ್ಟು ವರ್ಷ ಕೆಲಸ ಕಡಿಮೆಯಾಗಿ ಆರರಲ್ಲಿ ಎರಡೇ ಉಸಿರಾಡುತ್ತಿದ್ದವು. ನಾಲ್ಕನ್ನು ಹೊಸದಾಗಿ ಎಬ್ಬಿಸಬೇಕು. ಅದೂ ಚಳಿಗಾಲ. ಅದಕ್ಕಿಂತ ದೊಡ್ಡ ಮಾತು, ದಾದಾನ ನಾಲಿಗೆ ಸತ್ತಿತ್ತು. ಸಾರಿಗೆ ಉಪ್ಪು ಇಲ್ಲದಿದ್ದರೂ ತಿಳಿಯದೆ ಉಣ್ಣುತ್ತಿದ್ದ. ಬೆಳಿಗ್ಗೆ ಬೆರಳು ಅದ್ದಿ ನೆಕ್ಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಬಾಯಿಗೆ ಬಂದದ್ದು ಹೇಳುತ್ತಿದ್ದ. ಸುಣ್ಣ ಬೇಡದ ಹರವಿಗೆ ಸುಣ್ಣ ಬಿತ್ತು. ಆರನೇ ದಿನಕ್ಕೆ ಆರೂ ಹರವಿಯ ನೀರು ಕೆಸರಿನ ಹಾಗೆ ಸತ್ತು ಮಲಗಿತು. ಅಬ್ಬಾ ಹಿಂದಿನ ಜಗಳ ಎಲ್ಲ ಬಿಟ್ಟು, ನಸುಕಿಗೆ ಎದ್ದು ಹರವಿಯ ಸುತ್ತ ಕುಳ್ಳಿನ ಕೆಂಡ ಇಟ್ಟು ಬಿಸಿ ಕಾಯಿಸುತ್ತಿದ್ದ. ಇದು ಚಳಿಗೆ ಮಲಗಿದ್ದು, ಬಿಸಿ ತಾಗಿದರೆ ಏಳುತ್ತದೆ ಎಂದು ಅವನ ಲೆಕ್ಕ. ದಾದಾನ ಲೆಕ್ಕ ಬೇರೆ. ಆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದೆ. ದಾದಾ ಬಂದು ಎದುರಿಗೆ ಕೂತ.

"ಬೇಟಿ, ಒಂದು ದೊಡ್ಡದು ಬೇಕು. ಮೊಸಳಿ, ಮುದುಕಿ ಈಗ ನಡ್ಯೂದಿಲ್ಲ. ಯುದ್ಧದ ಸುದ್ದಿ ಕೇಳಿ ಕೇಳಿ ಮಂದಿ ಕಿವಿ ದಪ್ಪ ಆಗ್ಯಾವ."

ನನಗೆ ಆಗ ಹತ್ತು ವರ್ಷ. ಕೈ ಶೇಂಗಾ ಬಿಡಿಸುತ್ತಿತ್ತು, ಬಾಯಿ ಹೊಸೆಯಿತು. ಸುಲ್ತಾನನ ನಲವತ್ತು ಹಡಗು ಗೋವೆಯ ಬಂದರಿಗೆ ಬಂದು ನಿಂತಿವೆ. ಹಡಗಿನ ಹಾಯಿ ಎಲ್ಲ ಹಸಿರು. ಅದರಲ್ಲಿ ಕುದುರೆ ಇವೆ, ತೋಪು ಇವೆ. ಮೊಹರಮ್ಮಿನ ಒಳಗೆ ಬಾಗಲಕೋಟೆಯ ಸ್ಟೇಷನ್ನಿನ ಮೇಲೆ ಸುಲ್ತಾನನ ನಿಶಾನೆ ಏರುತ್ತದೆ. ಗೋವೆಗೆ ಹೋದ ಉಪ್ಪಿನ ಗಾಡಿಯವರು ಕಣ್ಣಾರೆ ನೋಡಿ ಬಂದಿದ್ದಾರೆ. ಇಷ್ಟು ಹೇಳಿ ತಲೆ ಎತ್ತಿದರೆ ದಾದಾನ ಕಣ್ಣಲ್ಲಿ ನೀರು. ನಾನು ಮೆಚ್ಚಿಕೆ ಅಂದುಕೊಂಡೆ, ಹಿಗ್ಗಿದೆ. ಕುದುರೆಯ ಬಣ್ಣ ಯಾವುದು ಎಂದು ಅವನು ಕೇಳಿದ. ಬಿಳಿ ಎಂದೆ.

ಅವನು ಸಂತೆಗೆ ಹೋಗಿ ಹೇಳಿ ಬಂದ. ನಾಲ್ಕನೇ ದಿನ ಹುನಗುಂದಕ್ಕೆ ಸೀರೆ ಮಾರಲು ಹೋಗಿದ್ದ ಸಂಗಪ್ಪ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಚ್ಚಿದ. ಸುಲ್ತಾನನ ಎಂಬತ್ತು ಹಡಗು ಗೋವೆಗೆ ಬಂದಿವೆಯಂತೆ, ಹುನಗುಂದದ ಬಜಾರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತಂತೆ. ದಾದಾ ಗಲ್ಲಕ್ಕೆ ಕೈ ಹಚ್ಚಲಿಲ್ಲ. ಎದ್ದು ನಿಂತ. "ಎಂಬತ್ತು?" ಎಂದ. ಸಂಗಪ್ಪ ಕಾಕಾನನ್ನು ಮೂರು ಸಲ ಮೊದಲಿನಿಂದ ಹೇಳಿಸಿದ. ಮರುದಿನ ಬೆಳಿಗ್ಗೆ ಆರೂ ಹರವಿಯ ಮೇಲೆ ತಾಮ್ರದ ಹೂವು. ಸುಳ್ಳಿನಿಂದ ಎದ್ದಿತೋ ಅಬ್ಬಾನ ಕೆಂಡದಿಂದ ಎದ್ದಿತೋ, ಯಾರ ಮೇಲೆ ಆಣೆ ಇಡಲಿ. ಅಬ್ಬಾನ ಕೈಬೆರಳ ತುದಿಗಳಲ್ಲಿ ಸುಟ್ಟ ಬೊಬ್ಬೆ ಇದ್ದವು ಎಂಬುದು ಮಾತ್ರ ನನಗೆ ಗೊತ್ತು. ಅಂದೇ ನೂಲು ಇಳಿಸಿದರು. ನೀಲಿ ಒಂದೇ ಸಲಕ್ಕೆ ಹತ್ತುವುದಿಲ್ಲ, ಅದ್ದಿದ ನೂಲು ಹಸಿರಾಗಿರುತ್ತದೆ, ಹಿಂಡಿ ಗಾಳಿಗೆ ಹಿಡಿದರೆ ನೀಲಿಯಾಗುತ್ತದೆ, ಮತ್ತೆ ಅದ್ದಬೇಕು, ಮೂರು ನಾಲ್ಕು ದಿನದ ಕೆಲಸ.

ಎರಡನೇ ದಿನ ಹುನಗುಂದದ ಪೊಲೀಸ್ ಕಚೇರಿಯಿಂದ ಫೌಜದಾರ ಬಂದ. ಜೊತೆಗೆ ನಾಲ್ಕು ಮಂದಿ ಸಿಪಾಯಿಗಳು. ಯುದ್ಧದ ಕಾಲದಲ್ಲಿ ವೈರಿಯ ಹಡಗು ಬಂತು ಎಂದು ಸುದ್ದಿ ಹಬ್ಬಿಸಿದವರು ಈ ಮನೆಯವರು, ಯಾರು ಹೇಳಿದ್ದು, ಹೊರಗೆ ಬರಬೇಕು ಎಂದು ಕೂಗಿದ. ದಾದಾ ಹರವಿಗಳ ನಡುವೆ ನಿಂತಿದ್ದ. ನೂಲು ಒಳಗಿತ್ತು, ಬಾಯಿ ಬಿಡುವಂತಿಲ್ಲ, ಅದು ನಮಗೆಲ್ಲ ಗೊತ್ತು. ಒಬ್ಬ ಸಿಪಾಯಿ ಅವನ ರಟ್ಟೆಗೆ ಕೈ ಹಾಕಿದ. ಆಗ ಅಬ್ಬಾ, ಸುಲ್ತಾನನನ್ನೂ ನಂಬದ, ಹರವಿಯ ಸುಳ್ಳನ್ನೂ ನಂಬದ ನನ್ನ ಅಬ್ಬಾ, ನೂಲು ಹಿಂಡುವುದನ್ನು ನಿಲ್ಲಿಸಿ ಮೊಣಕೈವರೆಗಿನ ಹಸಿರು ನೀರು ಒರೆಸಿಕೊಂಡ.

"ಅವರನ್ನ ಬಿಡ್ರಿ. ನಾ ಹೇಳಿದ್ದು."

ಹೊರಡುವಾಗ ನನ್ನ ಪಕ್ಕದಲ್ಲಿ ಬಗ್ಗಿ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಅಂದ, "ಅಳಬ್ಯಾಡ. ನಾಡಿದ್ದು ನೂಲು ಮ್ಯಾಲೆ ಬರತೈತಿ. ಬಾಬಾ ಬಂದು ಇದ್ದದ್ದು ಹೇಳತಾನ, ನನ್ನ ಬಿಡತಾರ." ತಂದೆಯ ಮೇಲೆ ಅವನಿಗೆ ಅಷ್ಟು ಭರವಸೆ.

ನೂಲು ಮೇಲೆ ಬಂತು. ಅಂಥ ನೀಲಿ ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಬಿದ್ದಿರಲಿಲ್ಲ. ಸಂಗಪ್ಪ ಕಾಕಾ ಹೊರೆ ಹೊತ್ತುಕೊಂಡು ಹೋದ, ಗಾಡಿ ಹೂಡಿಕೊಂಡು ತಿರುಗಿ ಬಂದ, ನಡೀರಿ ಮಾಮಾರ ಎಂದ. ದಾದಾ ಏಳಲಿಲ್ಲ. ಗೋಡೆಗೆ ಒರಗಿ ಜಪಮಾಲೆ ಎಣಿಸುತ್ತ ಕೂತಿದ್ದ. ಅವತ್ತು ಏಳಲಿಲ್ಲ, ಮರುದಿನವೂ ಏಳಲಿಲ್ಲ. ಮೂರನೇ ದಿನ ಅಮ್ಮ ನನ್ನ ಕೈ ಹಿಡಿದು ತಾನೇ ಗಾಡಿ ಹತ್ತಿದಳು. ಅಮ್ಮ ಓಣಿಯಿಂದ ಆಚೆ ಬುರಖಾ ಇಲ್ಲದೆ ಕಾಲಿಟ್ಟವಳಲ್ಲ, ಆ ದಿನ ಮುಸುಕು ಸರಿಸಿ ಕಚೇರಿಯ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಳು. ಒಳಗೆ ಕರೆದಾಗ ನಾನು ಫೌಜದಾರನ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಹರವಿ ಕೆಟ್ಟದ್ದು, ಶೇಂಗಾ ಬಿಡಿಸುತ್ತ ನಾನು ಹಡಗು ಕಟ್ಟಿದ್ದು, ದಾದಾ ಸಂತೆಯಲ್ಲಿ ಹೇಳಿದ್ದು, ಅಬ್ಬಾನದು ಏನೂ ಇಲ್ಲ ಎಂಬುದು. ಕಾರಕೂನರು ನಗತೊಡಗಿದರು. ಫೌಜದಾರ ನಗಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವನು.

"ಬಣ್ಣದ ಹರವಿ ಏಳಲಿ ಅಂತ ಸುಲ್ತಾನನ ಹಡಗು ತರಿಸಿದಿ?" ಎಂದ. "ಯಾರು ಕಲಿಸ್ಯಾರ ನಿನಗ ಇದನ್ನ?"

"ಯಾರೂ ಕಲಿಸಿಲ್ರಿ. ನಾನ ಕಟ್ಟಿದ್ದು."

"ಗೋವಾ ಎಲ್ಲೈತಿ ಗೊತ್ತೇನು ನಿನಗ?"

ಗೊತ್ತಿರಲಿಲ್ಲ. ಅವನು ಅಮ್ಮನ ಕಡೆ ತಿರುಗಿ, "ನೋಡು ತಾಯಿ, ಕೂಸಿನ ಮಾತಿನ ಮ್ಯಾಲೆ ನಾ ಏನೂ ಮಾಡಾಕ ಬರೂದಿಲ್ಲ. ನಿಮ್ಮ ಮಾವ ಬರಲಿ. ಇದು ಸುಳ್ಳು, ಬಣ್ಣದ ಸಲವಾಗಿ ಹೇಳಿದೆ ಅಂತ ತನ್ನ ಬಾಯಿಲೆ ನನ್ನ ಮುಂದ ಅನ್ನಲಿ. ಮುದುಕ ಅದಾನ, ತಾಕೀತು ಕೊಟ್ಟು ಬಿಡತೇನಿ, ನಿನ್ನ ಗಂಡನ್ನೂ ಬಿಡತೇನಿ. ಎಂಟು ದಿನ ತಡೀತೇನಿ. ಆಮ್ಯಾಲೆ ಕಾಗದ ಮ್ಯಾಲೆ ಹೋಗತೈತಿ, ನನ್ನ ಕೈಯಾಗ ಇರೂದಿಲ್ಲ," ಎಂದ.

ಎಂಟು ದಿನ. ಒಂದು ಮಾತು. ಅದನ್ನು ಹೇಳಲು ಗಾಡಿಯಲ್ಲಿ ಕೂತು ಹೋಗಿ ಬರಬೇಕು ಅಷ್ಟೇ. ನಾವು ತಿರುಗಿ ಬಂದು ಹೇಳಿದಾಗ ದಾದಾ ನಮ್ಮನ್ನು ಹುಚ್ಚರನ್ನು ನೋಡಿದ ಹಾಗೆ ನೋಡಿದ.

"ಸುಳ್ಳು ಅಂತ ಯಾರು ಹೇಳಿದರು? ಹಡಗು ಬಂದಾವ. ಸಂಗಪ್ಪ ಕೇಳಿ ಬಂದಾನ, ಎಂಬತ್ತು ಹಡಗು."

"ದಾದಾ, ಅದನ್ನ ನಾ ಕಟ್ಟಿದ್ದು," ಎಂದೆ. "ನಿನ್ನ ಎದುರಿಗೆ ಕುಂತು ಕಟ್ಟಿದೆ. ಬಿಳಿ ಕುದರಿ ಅಂದೆ, ನೆನಪಿಲ್ಲೇನು?"

"ನಿನ್ನ ಬಾಯಾಗ ಅಲ್ಲಾ ಆಡಿಸಿದ, ನೀ ಆಡಿದಿ. ಮೊಹರಂ ಬರಲಿ, ಸುಲ್ತಾನನ ಮಂದಿ ಬಂದು ಜೇಲಿನ ಬಾಗಿಲಾ ಒಡದು ನಿಮ್ಮ ಅಬ್ಬಾನ್ನ ಹೊರಗ ತರತಾರ."

ಸಂಗಪ್ಪ ಕಾಕಾ ಕೈ ಮುಗಿದ, ಬೈದ, ಕೊನೆಗೆ ಅತ್ತ. ಅಮ್ಮ ದಾದಾನ ಕಾಲ ಮೇಲೆ ತಲೆ ಇಟ್ಟಳು. ಅವಳ ತಲೆಯ ಭಾರಕ್ಕೆ ಅವನ ಪಾದ ಅಲುಗಾಡಿದ್ದನ್ನು ನೋಡಿದ್ದೇನೆ, ಮನುಷ್ಯ ಅಲುಗಾಡಲಿಲ್ಲ. ಐದನೇ ದಿನ ಅಮ್ಮ ಅವನ ಮುಂದೆ ಊಟದ ತಾಟು ಇಡಲಿಲ್ಲ. ಅವನು ಕೇಳಲೂ ಇಲ್ಲ. ಎಂಟನೇ ದಿನ ಹೊತ್ತು ಮುಳುಗಿತು. ಮುದುಕನಿಗೆ ಬುದ್ಧಿ ಭ್ರಮಣೆಯಾಗಿದೆ, ಅವನಿಗೆ ಯಾರು ಏನು ಮಾಡಲು ಸಾಧ್ಯ ಎಂದು ಓಣಿಯವರೆಲ್ಲ ಅಂದರು. ನಾವೂ ಹಾಗೇ ಅಂದುಕೊಂಡೆವು. ಹಾಗಂದುಕೊಳ್ಳದೆ ಅದೇ ಮನೆಯಲ್ಲಿ ಬದುಕುವುದು ಹೇಗೆ?

ಅಬ್ಬಾ ಹದಿನಾಲ್ಕು ತಿಂಗಳು ಜೇಲಿನಲ್ಲಿದ್ದ. ಅಮ್ಮನ ಹೊಟ್ಟೆಯಲ್ಲಿದ್ದ ನನ್ನ ತಮ್ಮ ಆ ನಡುವೆ ಹುಟ್ಟಿದ, ಅಬ್ಬಾ ನೋಡುವ ಮೊದಲೇ ಸತ್ತ. ಜೇಲಿನ ಗಾಣದಲ್ಲಿ ಅಬ್ಬಾನ ಬಲಗೈ ಸಿಕ್ಕಿ ನಾಲ್ಕು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡವು. ನೂಲು ಹಿಂಡಲಾಗದ ಬಣ್ಣದವನು ಯಾವ ಕೆಲಸಕ್ಕೆ ಬರುತ್ತಾನೆ? ಒಂದೊಂದೇ ಹರವಿ ಒಣಗಿದವು. ಯುದ್ಧ ಮುಗಿದ ಮೇಲೆ ಪುಡಿಯ ಡಬ್ಬಿಗಳು ಮತ್ತೆ ಬಜಾರಿಗೆ ಬಂದವು, ಆದರೆ ಹಂಡೆ ಎತ್ತಲೂ ಎರಡು ಕೈ ಬೇಕು. ಅಬ್ಬಾ ಸಂಗಪ್ಪ ಕಾಕಾನ ಸೀರೆಯ ಗಂಟು ಹೊತ್ತು ಬನಶಂಕರಿ, ಕೆರೂರು ಎಂದು ತಿರುಗಿದ. ಇಷ್ಟಾದರೂ ದಾದಾನಿಗೆ ಅವನು ಒಂದು ದಿನ ಒಂದು ಬಿರುಸು ಮಾತು ಆಡಲಿಲ್ಲ. ದಾದಾ ಹಾಸಿಗೆ ಹಿಡಿದ ಮೇಲೆ ಸೊಟ್ಟ ಕೈಯಿಂದಲೇ ಅವನ ಮೈ ಒರೆಸುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ. ಅಮ್ಮ ಸಿಟ್ಟಾದರೆ, "ಹುಚ್ಚು ಹಿಡದ ಮನಶ್ಯಾ ಅಂವ. ಅವನ ಮ್ಯಾಲೆ ಏನು ಸಿಟ್ಟಾಗತಿ?" ಎನ್ನುತ್ತಿದ್ದ. ನನಗೂ ಅದನ್ನೇ ಕಲಿಸಿದ. ನಾನು ಕಲಿತೆ. ಕಥೆ ಕಟ್ಟುವುದನ್ನು ಮಾತ್ರ ಬಿಟ್ಟೆ. ಬದಾಮಿಯಲ್ಲಿ ನನ್ನ ಮಕ್ಕಳು ಒಂದು ಕಥೆ ಹೇಳು ಎಂದು ಕಾಡಿದರೆ ಎದ್ದು ಹೋಗುತ್ತಿದ್ದೆ.

ದಾದಾನ ಕೊನೆಯ ತಿಂಗಳು ನಾನು ತವರಿಗೆ ಬಂದಿದ್ದೆ. ಆ ಹೊತ್ತಿಗೆ ಉರ್ದು ಪತ್ರಿಕೆ ಮತ್ತೆ ಬರುತ್ತಿತ್ತು. ಒಂದು ಮಧ್ಯಾಹ್ನ ಅಬ್ಬಾ ಪತ್ರಿಕೆ ಹಿಡಿದು ಬಂದು ದಾದಾನ ಹೊರಸಿನ ಕೊನೆಯಲ್ಲಿ ಕೂತ. ನಾನು ತಲೆಯ ಕಡೆ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದೆ. ತುರ್ಕರು ಸುಲ್ತಾನನನ್ನು ಮೊದಲೇ ಇಳಿಸಿ, ಅವನ ಮನೆತನದ ಒಬ್ಬನನ್ನು ಬರೀ ಖಲೀಫ ಅಂತ ಉಳಿಸಿಕೊಂಡಿದ್ದರು. ಈಗ ಖಲೀಫನನ್ನೂ ಗಾಡಿ ಹತ್ತಿಸಿ ದೇಶದ ಹೊರಗೆ ಕಳಿಸಿದರು, ಖಲೀಫ ಎಂಬುದೇ ಇನ್ನು ಇಲ್ಲ. ಇಂಗ್ಲಿಷರು ಕಳಿಸಲಿಲ್ಲ, ತುರ್ಕರೇ ಕಳಿಸಿದರು. ಅಬ್ಬಾ ಓದಿ ಮುಗಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ.

"ಇನ್ನ ಆ ಹಡಗಿನ ದಾರಿ ನೋಡೂದು ಬ್ಯಾಡ ಬಾಬಾ. ಬರೂದಿಲ್ಲ ಅವು."

ದಾದಾ ಬಾಯಲ್ಲಿದ್ದ ಗಂಜಿ ನುಂಗಿದ. ಅವನ ದನಿ ಸಣ್ಣದಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಯಾವ ಹಡಗೋ? ಈ ಹುಡಿಗಿ ಶೇಂಗಾ ಬಿಡಿಸ್ಕೋತ ಕಟ್ಟಿದ್ದು ಅವು. ನನಗ ಗೊತ್ತಿಲ್ಲೇನು?"

ಅಬ್ಬಾ ಪತ್ರಿಕೆ ಮಡಚುವುದನ್ನು ನಿಲ್ಲಿಸಿದ.

"ಯಾವಾಗಿಂದ ಗೊತ್ತು?"

"ಯಾವಾಗಿಂದ ಅಂದ್ರ? ಮೊದಲಿಂದ."

"ಮತ್ತ ಆ ಎಂಟು ದಿನ ಯಾಕ ಬರಲಿಲ್ಲ?"

ದಾದಾ ತುಟಿಗೆ ಹತ್ತಿದ ಗಂಜಿ ಒರೆಸಿಕೊಂಡ.

"ನಾ ಹೋಗಿ ಆ ಫೌಜದಾರನ ಮುಂದ ನಿಂತು, ನಮ್ಮ ಸುಲ್ತಾನ ಬರೂದಿಲ್ಲ, ನಮಗ ಯಾರೂ ದಿಕ್ಕಿಲ್ಲ, ಎಲ್ಲಾ ಸುಳ್ಳು ಅಂತ ನನ್ನ ಬಾಯಿಲೆ ಹೆಂಗ ಅನ್ನಲೋ? ನನ್ನ ಕಡಿಂದ ಆಗಲಿಲ್ಲ. ನೀ ಹರೇದಾಂವ ಇದ್ದಿ. ತಡಕೊಂಡಿ."

ಅಬ್ಬಾ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ದಾದಾ ಇನ್ನೊಂದು ಚಮಚಕ್ಕೆ ಬಾಯಿ ತೆರೆದ. ನಾನು ಬಟ್ಟಲು ಕೆಳಗಿಟ್ಟೆ. ಉಳಿದ ಗಂಜಿಯನ್ನು ಅಮ್ಮ ಬಂದು ಕುಡಿಸಿದಳು.